ಬಿಯರ್ ಪೀಪಾಯಿ, ಕುಕ್ಕರು ಮತ್ತು ಲೀಸಾಳ ಹಲ್ಲು

ಮೊಮ್ಮಗಳ ಹಲ್ಲಿಗೆ ಕ್ಲಿಪ್ಪು ಹಾಕಿಸಲೇಬೇಕು ಎಂದು ಡಾಕ್ಟರು ಹೇಳಿದ ದಿನವೇ ನಾನು ಆ ಕಾರ್ಟೂನು ನೋಡಿದ್ದು. ಕ್ಲಿನಿಕ್ಕಿನಿಂದ ಬಂದವಳು ಮುಖ ಊದಿಸಿಕೊಂಡು ಸೋಫಾದ ಮೂಲೆ ಹಿಡಿದಿದ್ದಳು. ‘ಒಂದೂವರೆ ವರ್ಷ ಬಾಯ್ತುಂಬಾ ತಂತಿ ಇಟ್ಕೊಂಡು ಸ್ಕೂಲಿಗೆ ಹೋಗ್ಬೇಕಾ ತಾತ?’ ಅಂತ ನನ್ನನ್ನೇ ಕೇಳಿದಳು, ಕ್ಲಿಪ್ಪು ಹಾಕುವವನು ನಾನೇ ಅನ್ನುವ ಹಾಗೆ. ಅವಳಪ್ಪ, ಅಂದರೆ ನನ್ನ ಮಗ, ಟೀವಿಯಲ್ಲಿ ಏನೇನೋ ಹುಡುಕಿ ಹಳೆಯದೊಂದು ‘ಸಿಂಪ್ಸನ್ಸ್’ ಕಂತು ಹಾಕಿದ. ‘ಇದ್ರಲ್ಲಿ ಲೀಸಾಗೂ ಕ್ಲಿಪ್ ಹಾಕ್ತಾರೆ ನೋಡು’ ಅಂದವನೇ ಲ್ಯಾಪ್‌ಟಾಪ್ ಎತ್ತಿಕೊಂಡು ರೂಮು ಸೇರಿ ಬಾಗಿಲು ಹಾಕಿಕೊಂಡ. ಅವನಿಗೆ ಮೀಟಿಂಗು. ಅವನಿಗೆ ಯಾವಾಗಲೂ ಮೀಟಿಂಗು.

ಕಾರ್ಟೂನು ಅಂದರೆ ನನ್ನ ಪಾಲಿಗೆ ಬೆಕ್ಕು ಇಲಿಯ ಓಟ. ಹಳದಿ ಮುಖದ, ನಾಲ್ಕೇ ಬೆರಳಿನ ಈ ಸಂಸಾರ ಪರಿಚಯವಿದ್ದದ್ದು ಮಗನ ಕಾಲೇಜು ದಿನಗಳ ಟೀ ಶರ್ಟಿನಿಂದ. ಅದೀಗ ನಮ್ಮ ಮನೆಯ ನೆಲ ಒರೆಸುವ ಬಟ್ಟೆ. 1989ರ ಡಿಸೆಂಬರಿನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ ಧಾರಾವಾಹಿ ಇವತ್ತಿಗೂ ಮುಗಿದಿಲ್ಲ. ಇಷ್ಟು ವರ್ಷದಲ್ಲಿ ಬಾರ್ಟ್‌ಗೆ ಹತ್ತು ದಾಟಿಲ್ಲ, ಲೀಸಾಗೆ ಎಂಟು ದಾಟಿಲ್ಲ, ಕೂಸಿನ ಬಾಯಿಂದ ನಿಪ್ಪಲ್ಲು ಬಿದ್ದಿಲ್ಲ. ಅಪ್ಪ ಹೋಮರ್ ಅಣುಸ್ಥಾವರದಲ್ಲಿ ಸುರಕ್ಷತೆಯ ಇನ್‌ಸ್ಪೆಕ್ಟರು. ಆ ಕೆಲಸಕ್ಕೆ ಅವನಷ್ಟು ನಾಲಾಯಕ್ಕು ಮನುಷ್ಯ ಇಡೀ ಸ್ಪ್ರಿಂಗ್‌ಫೀಲ್ಡ್ ಊರಲ್ಲಿಲ್ಲ. ಅರೆಗಣ್ಣಲ್ಲಿ ನೋಡುತ್ತಿದ್ದವನು ಐದು ನಿಮಿಷಕ್ಕೆ ಕೈಯಲ್ಲಿದ್ದ ಪೇಪರು ಮಡಚಿಟ್ಟೆ. ಹಲ್ಲಿನ ಕಥೆ ಅಂದುಕೊಂಡಿದ್ದು ಯೂನಿಯನ್ನಿನ ಕಥೆಯಾಗಿತ್ತು.

ನಾನು ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ 36 ವರ್ಷ ಲೇತಿನ ಮುಂದೆ ನಿಂತವನು. ಯೂನಿಯನ್ನಿನ ಪದಾಧಿಕಾರಿಯಾಗುವ ಯೋಗ್ಯತೆಯೂ ಇರಲಿಲ್ಲ, ಆಸೆಯೂ ಇರಲಿಲ್ಲ. ಚಂದಾ ಮಾತ್ರ ಒಂದು ತಿಂಗಳೂ ತಪ್ಪಿಸಲಿಲ್ಲ. ಅಷ್ಟು ಅರ್ಹತೆಯ ಮೇಲೆ ಹೇಳುತ್ತೇನೆ: ಕೆಲಸಗಾರರು ತಾವು ಗೆದ್ದದ್ದನ್ನು ಹೇಗೆ ಕಳೆದುಕೊಳ್ಳುತ್ತಾರೆ ಅನ್ನುವುದನ್ನು ಈ 22 ನಿಮಿಷದ ಹಳದಿ ಬೊಂಬೆಯಾಟದಷ್ಟು ಸರಿಯಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಂತಿನ ಹೆಸರು ‘ಲಾಸ್ಟ್ ಎಕ್ಸಿಟ್ ಟು ಸ್ಪ್ರಿಂಗ್‌ಫೀಲ್ಡ್’. ಮೊದಲು ಪ್ರಸಾರವಾದದ್ದು 1993ರ ಮಾರ್ಚ್ 11ರಂದು. ಬರೆದವರು ಜೇ ಕೋಗನ್ ಮತ್ತು ವ್ಯಾಲೆಸ್ ವೊಲೊಡಾರ್ಸ್ಕಿ, ನಿರ್ದೇಶಕ ಮಾರ್ಕ್ ಕರ್ಕ್‌ಲ್ಯಾಂಡ್. ಇಡೀ ಸರಣಿಯಲ್ಲೇ ಇದು ಅತ್ಯುತ್ತಮ ಎಂದು 2003ರಲ್ಲಿ ‘ಎಂಟರ್‌ಟೇನ್‌ಮೆಂಟ್ ವೀಕ್ಲಿ’ ಪತ್ರಿಕೆ ಮೊದಲ ಸ್ಥಾನ ಕೊಟ್ಟಿತ್ತು. ಹೆಸರು ಹ್ಯೂಬರ್ಟ್ ಸೆಲ್ಬಿ ಎಂಬಾತನ 1964ರ ಬ್ರೂಕ್ಲಿನ್ ಕಾದಂಬರಿಯೊಂದರ ಅಣಕ. ಆ ಕಾದಂಬರಿಯಲ್ಲೂ ಒಂದು ಮುಷ್ಕರವಿದೆ. ಆ ಭಾಗದ ನಾಯಕ ಲೇತ್ ಕೆಲಸಗಾರ, ಅದೂ ಕಾರ್ಖಾನೆಯಲ್ಲೇ ಅತಿ ಕೆಟ್ಟ ಲೇತ್ ಕೆಲಸಗಾರ. ಮಗ ಇದನ್ನು ನನಗೆ ಹೇಳುವಾಗ ಸ್ವಲ್ಪ ಜಾಸ್ತಿಯೇ ನಕ್ಕ.

ಕಥೆ ಇಷ್ಟು. ಸ್ಥಾವರದ ಮಾಲೀಕ ಬರ್ನ್ಸ್, ನೂರು ವರ್ಷದ ಮುದಿ ಲೋಭಿ, ಕೆಲಸಗಾರರ ಹೊಸ ಒಪ್ಪಂದ ನೋಡುತ್ತಾ ಕೂತಿದ್ದಾನೆ. ಹಲ್ಲಿನ ಚಿಕಿತ್ಸೆಯ ಖರ್ಚು ಕಂಪನಿಯದು ಅನ್ನುವ ಕಲಮು ಅವನ ಕಣ್ಣು ಕುಕ್ಕುತ್ತದೆ. ಕಿತ್ತುಹಾಕುತ್ತಾನೆ. ಬದಲಿಗೆ ಯೂನಿಯನ್ ಸಭೆಗೆ ಒಂದು ಪೀಪಾಯಿ ಬಿಯರು. ಯೂನಿಯನ್ನಿನ ಹೆಸರೂ ಒಂದು ತಮಾಷೆ: ಜಾಝ್ ನರ್ತಕರು, ಪೇಸ್ಟ್ರಿ ಮಾಡುವವರು ಮತ್ತು ಅಣು ತಂತ್ರಜ್ಞರ ಅಂತರರಾಷ್ಟ್ರೀಯ ಸಂಘ. ನಗಬೇಡಿ, ಗಡಿಯಾರದವರು, ಟೆಲಿಫೋನಿನವರು, ವಿಮಾನದವರು ಒಂದೇ ಬ್ಯಾನರಿನ ಕೆಳಗೆ ಕೂತ ಊರು ನಮ್ಮದು. ಇರಲಿ. ಅತ್ತ ಸಭೆಯಲ್ಲಿ ಬಿಯರಿಗೆ ಸಾಲು ಹತ್ತಿದೆ. ಇತ್ತ ಮನೆಯಲ್ಲಿ ಹೆಂಡತಿ ಮಾರ್ಜ್ ಹೋಮರ್‌ಗೆ ಮೊದಲೇ ಹೇಳಿದ್ದಾಳೆ, ಲೀಸಾಗೆ ಕ್ಲಿಪ್ಪು ಬೇಕು ಅಂತ. ಚಿಂತೆ ಬೇಡ, 88ರ ಸ್ಟ್ರೈಕಿನಲ್ಲಿ ಗೆದ್ದ ಡೆಂಟಲ್ ಪ್ಲಾನ್ ಇದೆಯಲ್ಲ ಎಂದು ಇವನೂ ಜಂಬದಿಂದ ಹೇಳಿದ್ದಾನೆ. ಆದರೂ ಬಿಯರಿನ ಸಾಲಲ್ಲಿ ನಿಂತಿದ್ದಾನೆ.

ಅಲ್ಲಿ ಗೆಳೆಯ ಲೆನ್ನಿ ಡೆಂಟಲ್ ಪ್ಲಾನಿಗೆ ವಿದಾಯ ಹೇಳುತ್ತಾನೆ. ಹೋಮರನ ತಲೆಯೊಳಗೆ ಲೆನ್ನಿಯ ಮಾತು, ಮಾರ್ಜಳ ಮಾತು ಒಂದಾದ ಮೇಲೊಂದು ಕೇಳತೊಡಗುತ್ತವೆ. ಡೆಂಟಲ್ ಪ್ಲಾನು. ಲೀಸಾಗೆ ಕ್ಲಿಪ್ಪು. ಡೆಂಟಲ್ ಪ್ಲಾನು. ಲೀಸಾಗೆ ಕ್ಲಿಪ್ಪು. ಎಷ್ಟು ಸಲ ತಿರುಗಿದರೂ ಆ ಎರಡು ಒಂದಕ್ಕೊಂದು ತಗಲುವುದಿಲ್ಲ. ‘ಅಯ್ಯೋ ತಾತ, ಇವ್ನಿಗೆ ಅರ್ಥ ಆಗಕ್ಕೆ ಎಷ್ಟ್ ಹೊತ್ತು!’ ಮೊಮ್ಮಗಳು ಬೆಳಗಿನಿಂದ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಳು. ನಾನು ನಗಲಿಲ್ಲ. ಅರ್ಥವಾಗಲಿಕ್ಕೆ ಹೋಮರನಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ನನಗೆ ಆರು ವರ್ಷ ಹಿಡಿದಿತ್ತು.

1995ರ ಸುಮಾರು. ನಮ್ಮ ಕಾರ್ಖಾನೆಯಲ್ಲಿ ‘ಕನ್ನಡಕದ ದುಡ್ಡು’ ಅಂತ ಒಂದಿತ್ತು. ಎರಡು ವರ್ಷಕ್ಕೊಮ್ಮೆ ಕನ್ನಡಕದ ಬಿಲ್ಲು ಕೊಟ್ಟರೆ ಹಣ ವಾಪಸು ಬರುತ್ತಿತ್ತು. ಮೈಕ್ರೋಮೀಟರಿನ ಗೆರೆ ಓದಿ ಹೊಟ್ಟೆ ಹೊರೆಯುವವರಿಗೆ ಕಣ್ಣೇ ಅನ್ನ ತಾನೆ? ಹೊಸ ಒಪ್ಪಂದದಲ್ಲಿ ಆ ಸಾಲು ಇರಲಿಲ್ಲ. ಇದ್ದದ್ದು, ಎಲ್ಲ ನೌಕರರಿಗೂ ತಲಾ ಒಂದು 5 ಲೀಟರಿನ ಪ್ರೆಶರ್ ಕುಕ್ಕರು. ಗೇಟ್ ಮೀಟಿಂಗಿನಲ್ಲಿ ಟೂಲ್ ರೂಮಿನ ಹಿರಿಯರೊಬ್ಬರು ಎದ್ದುನಿಂತು, ‘ಕುಕ್ಕರು ಒಂದ್ಸಲ ಬರುತ್ತೆ, ಕಣ್ಣು ದಿನಾ ಹೋಗುತ್ತೆ ಕಣ್ರಪ್ಪಾ’ ಅಂದರು. ಹಿಂದಿನಿಂದ ಯಾರೋ ‘ಕೂತ್ಕೊಳ್ಳಿ ಯಜಮಾನ್ರೇ, ನಿಮ್ ಕುಕ್ಕರ್ ಬೇಡ ಅಂದ್ರೆ ನಂಗ್ ಕೊಡಿ’ ಎಂದು ಕೂಗಿದ. ಸಭೆಗೆ ಸಭೆಯೇ ನಕ್ಕಿತು. ಕೂಗಿದವನು ನಾನೇ.

ಕೈ ಎತ್ತಿದೆವು. ನನ್ನ ಕೈ ಎಲ್ಲರಿಗಿಂತ ಮೇಲಿತ್ತು. ಕುಕ್ಕರಿನ ಡಬ್ಬವನ್ನು ಸಿಟಿ ಬಸ್ಸಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಕೂರಿಸಿಕೊಂಡು ಬಂದದ್ದು ನೆನಪಿದೆ. ನಮ್ಮವಳು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಮೊದಲ ದಿನ ಹುಗ್ಗಿ ಮಾಡಿದಳು. ಆಮೇಲೆ ಆರು ವರ್ಷಕ್ಕೆ ಗೆರೆಗಳು ಕಣ್ಣಿಗೆ ಮಂಜಾದವು. ಅಂಗಡಿಯಲ್ಲಿ ಬೈಫೋಕಲ್ಲಿನ ಬಿಲ್ಲು ಕೈಗೆ ಬಂದಾಗ, ಕೌಂಟರಿನ ಮುಂದೆ ನಿಂತು, ತಲೆಯೊಳಗೆ ಎರಡು ಮಾತು ಒಂದಕ್ಕೊಂದು ಡಿಕ್ಕಿ ಹೊಡೆದವು. ಕನ್ನಡಕದ ದುಡ್ಡು. ಕುಕ್ಕರು. ಆ ಹೊತ್ತಿಗೆ ಟೂಲ್ ರೂಮಿನ ಹಿರಿಯರು ತೀರಿಕೊಂಡು ಎರಡು ವರ್ಷವಾಗಿತ್ತು.

ಕನ್ನಡಕದ ದುಡ್ಡನ್ನು ಯಾರು, ಯಾವಾಗ, ಏನು ಕಳೆದುಕೊಂಡು ಗೆದ್ದಿದ್ದರು ಅನ್ನುವುದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅದು ಮೊದಲಿಂದ ಇತ್ತು, ಕಾರ್ಖಾನೆಯ ಬೇವಿನ ಮರದ ಹಾಗೆ. ಗೆದ್ದವರು ರಿಟೈರಾದರು, ಗೆದ್ದ ಕಥೆಯೂ ಅವರ ಜೊತೆ ಗೇಟು ದಾಟಿತು. ಕಥೆ ಹೋದ ಮೇಲೆ ಉಳಿದದ್ದು ಬರೀ ಒಂದು ಸಾಲು. ಸಾಲಿಗೆ ಬೆಲೆ ಕಟ್ಟುವುದು ಮ್ಯಾನೇಜ್‌ಮೆಂಟಿಗೆ ಸುಲಭ. ಹೋಮರನಿಗೆ ಕಡೇಪಕ್ಷ 88ರ ಸ್ಟ್ರೈಕು ನೆನಪಿತ್ತು, ಮೈಮೇಲೆ ಅದರ ಗಾಯದ ಕಲೆಯಿತ್ತು. ಗಾಯವಾದದ್ದು ಹೋರಾಟದಲ್ಲಲ್ಲ, ತಿಂಡಿಯ ಗಲಾಟೆಯಲ್ಲಿ ಅನ್ನುವುದು ಬೇರೆ ಮಾತು.

ಅಮೆರಿಕದಲ್ಲಿ ಡೆಂಟಲ್ ಪ್ಲಾನು ನಿಜಕ್ಕೂ ಯೂನಿಯನ್ನುಗಳೇ ಗೆದ್ದು ತಂದದ್ದು. 1954ರಲ್ಲಿ ಪಶ್ಚಿಮ ಕರಾವಳಿಯ ಬಂದರು ಕೂಲಿಗಳ ಸಂಘವು ತನ್ನ ಸದಸ್ಯರ ಮಕ್ಕಳ ಹಲ್ಲಿಗೆಂದು ವಾಷಿಂಗ್ಟನ್, ಒರೆಗಾನ್, ಕ್ಯಾಲಿಫೋರ್ನಿಯಾಗಳ ದಂತವೈದ್ಯರ ಸಂಘಗಳ ಜೊತೆ ಕೂತು ಒಂದು ಏರ್ಪಾಡು ಮಾಡಿಕೊಂಡಿತು. ಅಲ್ಲಿನ ದೊಡ್ಡ ದಂತವಿಮೆಗಳ ಬೇರು ಅದರಲ್ಲಿದೆ. ಮೊದಲು ಮಕ್ಕಳ ಹಲ್ಲು, ಆಮೇಲೆ ದೊಡ್ಡವರದು. ಮೂಟೆ ಹೊರುವವರಿಗೆ ಗೊತ್ತಿದ್ದ ಈ ಕ್ರಮ ಸರ್ಕಾರಗಳಿಗೆ ಹೊಳೆಯಲಿಲ್ಲ. 1965ರಲ್ಲಿ ಅಲ್ಲಿ ವೃದ್ಧರಿಗೆ ಮೆಡಿಕೇರ್ ಬಂದಾಗ ಹೃದಯ, ಮೂತ್ರಪಿಂಡ, ಮೂಳೆ ಎಲ್ಲ ಒಳಗೆ ಬಂದವು. ಮಾಮೂಲಿ ಹಲ್ಲಿನ ಚಿಕಿತ್ಸೆ ಹೊರಗುಳಿಯಿತು. ಹಲ್ಲು ಬೇರೆ, ದೇಹ ಬೇರೆ ಅನ್ನುವ ಈ ಹಂಚಿಕೆ ಹಳೆಯದು. ಜಗತ್ತಿನ ಮೊದಲ ದಂತವೈದ್ಯ ಕಾಲೇಜು 1840ರಲ್ಲಿ ಬಾಲ್ಟಿಮೋರಿನಲ್ಲಿ ಶುರುವಾದದ್ದೇ ವೈದ್ಯ ಕಾಲೇಜಿನಿಂದ ಬೇರೆಯಾಗಿ. ನಮ್ಮ ದೇಶದ ಆರೋಗ್ಯ ವಿಮೆಯ ಪಾಲಿಸಿ ತೆಗೆದು ನೋಡಿ: ಸಾಮಾನ್ಯವಾಗಿ ಅಪಘಾತದಲ್ಲಿ ಹಲ್ಲು ಮುರಿದರೆ ಉಂಟು, ಹುಳುಕಾದರೆ ಇಲ್ಲ, ವಕ್ರವಾದರೆ ಕೇಳಲೇಬೇಡಿ. ಅಂದರೆ ಬಸ್ಸಿನಿಂದ ಬಿದ್ದು ಮುರಿದುಕೊಂಡರೆ ಮಾತ್ರ ಹಲ್ಲು ದೇಹಕ್ಕೆ ಸೇರುತ್ತದೆ. ಮೊಮ್ಮಗಳ ಕ್ಲಿಪ್ಪಿಗೆ ಕ್ಲಿನಿಕ್ಕಿನವರು ಹೇಳಿದ್ದು 45,000 ರೂಪಾಯಿ. ಮಗನ ಕಂಪನಿಯ ವಿಮೆಯಲ್ಲಿ ಅದಕ್ಕೆ ಒಂದು ಪೈಸೆಯೂ ಇಲ್ಲ.

ಪ್ಲಾನು ಇಲ್ಲದ ಲೀಸಾಗೆ ಸಿಗುವುದು ಎಲ್ಲಕ್ಕಿಂತ ಅಗ್ಗದ ಕ್ಲಿಪ್ಪು. ಸ್ಟೇನ್‌ಲೆಸ್ ಸ್ಟೀಲು ಕಂಡುಹಿಡಿಯುವ ಮುಂಚಿನದು, ನೀರು ತಗಲಬಾರದು! ಬಾಯಲ್ಲಿ ಕಬ್ಬಿಣದ ಜೈಲು ಹೊತ್ತ ಆ ಎಂಟು ವರ್ಷದ ಹುಡುಗಿ ಕನ್ನಡಿ ನೋಡಿಕೊಂಡು ಬ್ಯಾಟ್‌ಮನ್ ಸಿನಿಮಾದ ಜೋಕರನ ಹಾಗೆ ಗಹಗಹಿಸುವ ದೃಶ್ಯಕ್ಕೆ ಮೊಮ್ಮಗಳು ನನ್ನ ತೋಳು ಹಿಡಿದುಕೊಂಡಳು. ತಮಾಷೆಯ ಒಳಗೆ ಹೀಗೆ ತಟ್ಟನೆ ಚುಚ್ಚುವುದು ಈ ಬರಹಗಾರರ ವಿದ್ಯೆ.

ಹೋಮರ್ ಕೂಗಾಡಿ ಬಿಯರಿನ ಒಪ್ಪಂದ ಮುರಿಯುತ್ತಾನೆ, ಆ ಭರಕ್ಕೆ ಅವನನ್ನೇ ಅಧ್ಯಕ್ಷನನ್ನಾಗಿ ಮಾಡುತ್ತಾರೆ. ಬರ್ನ್ಸ್ ಕರೆಸಿ ಲಂಚದ ಮಾತನ್ನು ಸುತ್ತಿ ಬಳಸಿ ಆಡುತ್ತಾನೆ. ಹೋಮರ್ ಅದನ್ನು ಪ್ರಣಯಭಿಕ್ಷೆ ಎಂದು ತಿಳಿದು ಗಾಬರಿಯಿಂದ ಎದ್ದು ಬರುತ್ತಾನೆ. ಎಂಥ ಗಟ್ಟಿ ಆಸಾಮಿ ಎಂದು ಬರ್ನ್ಸ್ ಬೆರಗಾಗುತ್ತಾನೆ. ಪೆದ್ದನೊಬ್ಬನನ್ನು ಮಾಲೀಕ ಚಾಣಾಕ್ಷನೆಂದು ನಂಬಿ ಕೆಡುವುದೇ ಮುಂದಿನ ಅರ್ಧ ಕಥೆ. ಮುಷ್ಕರ ಶುರುವಾಗುತ್ತದೆ. ಅದನ್ನು ಮುರಿಯಲು ಬರ್ನ್ಸ್ ಕರೆತಂದ ಮುದುಕರ ಪೈಕಿ ಹೋಮರನ ಅಪ್ಪನೂ ಇದ್ದಾನೆ. ಮೊದಲಿನ ಹಾಗೆ ತಲೆ ಒಡೆಯುವ ಶಕ್ತಿ ಇಲ್ಲವಂತೆ. ಈಗಿನ ಉಪಾಯವೆಂದರೆ ತಲೆಬುಡವಿಲ್ಲದ ಹಳೇ ಕಥೆ ಹೇಳಿ ಎದುರಿನವರನ್ನು ಸುಸ್ತು ಮಾಡುವುದು. ‘ತಾತ, ನೀವು!’ ಅಂದಳು ಮೊಮ್ಮಗಳು. ಒಪ್ಪಿಕೊಂಡೆ.

ಆದ್ದರಿಂದ ಒಂದು ಹಳೇ ಕಥೆ ಹೇಳಿಬಿಡುತ್ತೇನೆ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್, ಬಿಇಎಂಎಲ್ ಕೆಲಸಗಾರರು ಮುಷ್ಕರಕ್ಕೆ ಇಳಿದರು. ಬಿಎಚ್‌ಇಎಲ್ ನೌಕರರ ಸಮಕ್ಕೆ ಸಂಬಳ ಕೊಡಿ ಅನ್ನುವುದು ಮುಖ್ಯ ಬೇಡಿಕೆ. ಸುಮಾರು 1.25 ಲಕ್ಷ ಜನ, 77 ದಿನ. ನನಗಾಗ 24. ಅಮ್ಮ ಕಿವಿಯ ಓಲೆ ಒತ್ತೆ ಇಟ್ಟಳು. ಊರಿನಿಂದ ಸೋದರಮಾವ ಎರಡು ಮೂಟೆ ರಾಗಿ ಬಸ್ಸಿನ ಮೇಲೆ ಹಾಕಿ ಕಳಿಸಿದ; ಸಂಕ್ರಾಂತಿಗೆ ಎಳ್ಳು ಬೀರಲಿಲ್ಲ. 1981ರ ಮಾರ್ಚಿನಲ್ಲಿ ಮುಷ್ಕರ ನಿಂತಿತು, ಕೇಳಿದ್ದು ಸಿಗಲಿಲ್ಲ. ಓಲೆ ಬಿಡಿಸಲಿಕ್ಕೆ ಮತ್ತೆ ಎರಡು ವರ್ಷವಾಯಿತು.

ಅದೇ 1981ರ ಆಗಸ್ಟಿನಲ್ಲಿ ಅಮೆರಿಕದ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದರು. ಅಧ್ಯಕ್ಷ ರೇಗನ್ 48 ಗಂಟೆ ಗಡುವು ಕೊಟ್ಟು, 11,000ಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದುಹಾಕಿದರು. ಇದೇ ರೇಗನ್ 1960ರಲ್ಲಿ ಸಿನಿಮಾ ನಟರ ಸಂಘದ ಅಧ್ಯಕ್ಷರಾಗಿ ಮುಷ್ಕರ ಮುನ್ನಡೆಸಿದ್ದವರು! ಅಲ್ಲಿಂದ ಅಲ್ಲಿನ ಮಾಲೀಕರಿಗೆ ಧೈರ್ಯ ಬಂತು. 1983ರಲ್ಲಿ ಅಮೆರಿಕದ ನೌಕರರಲ್ಲಿ ನೂರಕ್ಕೆ 20 ಜನ ಯೂನಿಯನ್ನಿನಲ್ಲಿದ್ದರು. ಈ ಕಂತು ಬಂದ 1993ಕ್ಕೆ ಅದು 16ರ ಹತ್ತಿರ, ಈಗ 10ರ ಆಸುಪಾಸು. ಹಾಗಾಗಿ ಹೋಮರನ ಯೂನಿಯನ್ನು ಅಲ್ಲಿನವರಿಗೂ ಆಗಲೇ ಹಳೇ ಕಾಲದ ವಸ್ತುವಾಗಿತ್ತು, ಅದನ್ನು ಕಂಡು ನಗಬಹುದಿತ್ತು. ಬರಹಗಾರರು ನಗಿಸಿಯೂ ನಗಿಸುತ್ತಾರೆ. ಅಧ್ಯಕ್ಷಗಿರಿಗೆ ಸಂಬಳವಿಲ್ಲ, ತಿಂದರೆ ಮಾತ್ರ ದುಡ್ಡು ಎಂದು ತಿಳಿದಾಗ ಹೋಮರ್ ಕುಣಿದಾಡುವುದನ್ನು ಕಂಡು ನಮ್ಮ ಹಳೇ ಪದಾಧಿಕಾರಿಗಳಲ್ಲಿ ಒಂದಿಬ್ಬರ ಮುಖ ನನ್ನ ಕಣ್ಣ ಮುಂದೆ ಬಂತು.

ಒಂದು ಕಡೆ ಮಾತ್ರ ನಾನು ಒಪ್ಪುವುದಿಲ್ಲ. ಬರ್ನ್ಸ್ ಇಡೀ ಊರಿನ ಕರೆಂಟು ತೆಗೆಯುತ್ತಾನೆ. ಕತ್ತಲಲ್ಲಿ ಲೀಸಾ ಗಿಟಾರು ಹಿಡಿದು ಹಾಡುತ್ತಾಳೆ, ಎಲ್ಲರೂ ಕೈ ಕೈ ಹಿಡಿದು ದನಿಗೂಡಿಸುತ್ತಾರೆ, ಆ ಹಾಡಿಗೆ ಮುದುಕನ ಮನಸ್ಸು ಸೋಲುತ್ತದೆ. ಹಾಡು ನಮ್ಮಲ್ಲೂ ಇತ್ತು ಸ್ವಾಮಿ. 77 ದಿನ ಹಾಡಿದೆವು, ಗಂಟಲು ಕಟ್ಟಿತು. ಯಾವ ಆಫೀಸಿನ ಕಿಟಕಿಯೂ ತೆರೆಯಲಿಲ್ಲ.

ಆದರೆ ಅದರ ಹಿಂದೆಯೇ ಬರುವ ಸಣ್ಣ ಮಾತು ಇಡೀ ಕಂತಿನಲ್ಲಿ ಅತ್ಯಂತ ನಿಜವಾದದ್ದು. ಡೆಂಟಲ್ ಪ್ಲಾನು ವಾಪಸು ಕೊಡುತ್ತೇನೆ ಅನ್ನುತ್ತಾನೆ ಬರ್ನ್ಸ್, ಒಂದೇ ಷರತ್ತು: ಹೋಮರ್ ಅಧ್ಯಕ್ಷ ಪದವಿ ಬಿಡಬೇಕು. ಹೋಮರ್ ಖುಷಿಯಿಂದ ನೆಲದ ಮೇಲೆ ಬಿದ್ದು ಗಿರಗಿರ ತಿರುಗುತ್ತಾನೆ. ಇವನು ತಾನಂದುಕೊಂಡಷ್ಟು ಚತುರನಲ್ಲ ಎಂದು ಬರ್ನ್ಸ್‌ಗೆ ಅನುಮಾನ ಬರುವುದು ಆಗ. ಮೊಮ್ಮಗಳು ನಗುತ್ತಿದ್ದಳು. ನಾನು ನೆನೆಯುತ್ತಿದ್ದದ್ದು ಬೇರೆ. ಗೆದ್ದ ಬೇಡಿಕೆಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಂದ ವಾರದಲ್ಲೇ, ಆ ಬೇಡಿಕೆಗಾಗಿ ಮಾತಾಡಿದವನಿಗೆ ಇನ್ನೊಂದು ರಾಜ್ಯದ ಘಟಕಕ್ಕೆ ವರ್ಗವಾಗುವುದನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡು ಸಲವೂ ಹಾರ ಹಾಕಿ ಕಳಿಸಿಕೊಟ್ಟೆವು. ಮಾಲೀಕರಿಗೆ ಹಲ್ಲಿನ ಖರ್ಚು ದೊಡ್ಡದಲ್ಲ. ಎದ್ದುನಿಂತು ಮಾತಾಡುವ ಒಂದು ಬಾಯಿ ದೊಡ್ಡದು.

ಈ ಕಂತು ಮಾಡಿದವರ ಮನೆಯೊಳಗೇ ಇಣುಕಿದರೆ ಇನ್ನೂ ಸ್ವಾರಸ್ಯವಿದೆ. ಯೂನಿಯನ್ನಿನ ಬಗ್ಗೆ ಇಷ್ಟು ಚೆಂದದ ಕಥೆ ಬರೆದ 1993ರಲ್ಲಿ ಆ ಸರಣಿಯ ಬರಹಗಾರರ ಕೆಲಸಕ್ಕೆ ಅಮೆರಿಕದ ಲೇಖಕರ ಸಂಘದ ಒಪ್ಪಂದವೇ ಅನ್ವಯಿಸುತ್ತಿರಲಿಲ್ಲ. ಅವರು ಅದರ ಲೆಕ್ಕಕ್ಕೆ ಬಂದದ್ದು 1998ರಲ್ಲಿ. ಅದೇ ವರ್ಷ ದನಿ ಕೊಡುವ ಆರು ನಟರು ಸಂಬಳಕ್ಕಾಗಿ ಜಗ್ಗಾಡಿದರು. ಕಂತಿಗೆ 30,000 ಡಾಲರ್ ಇದ್ದದ್ದು 1,25,000ಕ್ಕೆ ಏರಿತು. 2004ರಲ್ಲಿ ಸ್ಕ್ರಿಪ್ಟ್ ಓದುವುದಕ್ಕೇ ಹೋಗದೆ ಕೂತು ಮತ್ತೂ ಏರಿಸಿಕೊಂಡರು. 2011ರಲ್ಲಿ ಮಾತ್ರ ವಾಹಿನಿಯ ಎದುರು ಮಣಿದು ಕಡಿತ ಒಪ್ಪಿದರು. ಇದೆಲ್ಲ ಡಾಲರಿನ ಜಗಳ. ಹಳದಿ ಮುಖಗಳಿಗೆ ಚಲನೆ ಕೊಡುವ ಚಿತ್ರಗಳನ್ನು ಬಿಡಿಸುವ ದೊಡ್ಡ ಪಾಲು ಕೆಲಸ ಮೊದಲಿಂದಲೂ ದಕ್ಷಿಣ ಕೊರಿಯಾದಲ್ಲಿ. ಸೋಲ್ ನಗರದ ಅಕಾಮ್ ಎಂಬ ಸ್ಟುಡಿಯೊದಲ್ಲಿ ಸಾಲಾಗಿ ಕೂತ ಕಲಾವಿದರ ಹೆಸರು ಪ್ರೇಕ್ಷಕರ ನಾಲಗೆಯ ಮೇಲಿಲ್ಲ. 2010ರ ಅಕ್ಟೋಬರಿನಲ್ಲಿ ಪ್ರಸಾರವಾದ ಕಂತೊಂದರ ಶುರುವಿಗೆ ಬ್ಯಾಂಕ್ಸಿ ಎಂಬ, ಮುಖ ತೋರಿಸದ ಬ್ರಿಟಿಷ್ ಗೋಡೆಚಿತ್ರಕಾರ ದೃಶ್ಯ ಬರೆದುಕೊಟ್ಟ: ಮಂಕು ನೆಲಮಾಳಿಗೆ, ಸಾಲು ಸಾಲು ಹೆಂಗಸರು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಾರೆ, ಬಡಕಲು ಯೂನಿಕಾರ್ನಿನ ಕೊಂಬಿನಿಂದ ಡಿವಿಡಿಗೆ ತೂತು ಹೊಡೆಯುತ್ತಿದ್ದಾರೆ. ಅಕಾಮ್ ಕಟ್ಟಿದ ನೆಲ್ಸನ್ ಶಿನ್ ಸಿಟ್ಟಾದರು. ನಮ್ಮದು ಕಂಪ್ಯೂಟರುಗಳಿರುವ ಆಧುನಿಕ ಕಟ್ಟಡ, ಹೀಗೆ ತೋರಿಸುವುದು ಅವಮಾನ ಎಂದರು. ಅವರ ಮಾತೂ ನ್ಯಾಯವೇ. ಆದರೂ ಆ ಅಣಕದ ದೃಶ್ಯವನ್ನೂ ಬಿಡಿಸಿಕೊಟ್ಟದ್ದು ಅವರ ಸ್ಟುಡಿಯೊದ ಕೈಗಳೇ.

ಕಂತು ಮುಗಿಯುವ ಹೊತ್ತಿಗೆ ರೂಮಿನ ಬಾಗಿಲು ಇನ್ನೂ ತೆರೆದಿರಲಿಲ್ಲ. 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾಪ ಬಂದಿತ್ತಲ್ಲ, ಐಟಿ ನೌಕರರ ಯೂನಿಯನ್ನು ಬೀದಿಗಿಳಿದು ವಿರೋಧಿಸಿತ್ತು. ಆಗ ಮಗನನ್ನು ಕೇಳಿದ್ದೆ, ನೀನೂ ಮೆಂಬರಾಗಬಾರದಾ ಅಂತ. ‘ಅಪ್ಪಾ, ನಮ್ಮದು ನಿಮ್ಮ ಥರ ಫ್ಯಾಕ್ಟ್ರಿ ಅಲ್ಲ. ಆಫೀಸಲ್ಲಿ ಟೇಬಲ್ ಟೆನಿಸ್ ಇದೆ, ಶುಕ್ರವಾರ ಪಿಜ್ಜಾ ಕೊಡ್ತಾರೆ’ ಅಂದಿದ್ದ. ಅವನಿಗೆ ಬುದ್ಧಿ ಹೇಳುವ ನೈತಿಕ ಹಕ್ಕು ನನಗಿಲ್ಲ. ಅಡುಗೆಮನೆಯಲ್ಲಿ ನನ್ನ ಕುಕ್ಕರು ಇನ್ನೂ ಸೀಟಿ ಹೊಡೆಯುತ್ತಿದೆ. ಐದೋ ಆರೋ ಗ್ಯಾಸ್ಕೆಟ್ಟು ಬದಲಾಗಿವೆ, ಹಿಡಿ ಒಮ್ಮೆ ಮುರಿದಿದೆ. ಅವತ್ತು ಅವನು ಬಾಗಿಲು ತೆರೆದು ಬಂದಾಗ ಒಂದು ಮಾತ್ರ ಕೇಳಿದೆ: ಕಂಪನಿಯ ವಿಮೆಯಲ್ಲಿ ಹಲ್ಲು ಮೊದಲಿಂದಲೂ ಇರಲಿಲ್ಲವಾ? ಅವನು ಸ್ವಲ್ಪ ಯೋಚಿಸಿ, ‘ಇತ್ತು ಅನ್ಸುತ್ತೆ. ಹೋದ ವರ್ಷ ಏನೋ ಒಂದು ಮೇಲ್ ಬಂದಿತ್ತು, ಐ ಅಗ್ರೀ ಒತ್ತಿದ ನೆನಪು’ ಅಂದ.

ಮೊನ್ನೆ ದೀಪಾವಳಿಗೆ ಆಫೀಸಿನಿಂದ ಬರುವಾಗ ಕೈಯಲ್ಲೊಂದು ಭಾರಿ ಡಬ್ಬ ಹಿಡಿದುಕೊಂಡು ಬಂದ. ಮೇಲೆ ಚಿನ್ನದ ರಿಬ್ಬನ್ನು, ಕಂಪನಿಯ ಲೋಗೊ, ಒಳಗೆ ನಾಲ್ಕು ಖಾನೆಯಲ್ಲಿ ಬಾದಾಮಿ, ಗೋಡಂಬಿ, ಪಿಸ್ತಾ, ಒಣದ್ರಾಕ್ಷಿ. ಮೊಮ್ಮಗಳು ಓಡಿ ಬಂದು ಮುಚ್ಚಳ ತೆಗೆದಳು. ಕ್ಲಿಪ್ಪು ಹಾಕಿ ಆಗ ಮೂರು ವಾರ. ಬಾದಾಮಿ ಎತ್ತಿಕೊಂಡವಳು ಒಂದು ಕ್ಷಣ ನಿಂತಳು. ಗಟ್ಟಿಯದೇನನ್ನೂ ಕಚ್ಚಬಾರದು, ತಂತಿ ಕಿತ್ತುಬಂದರೆ ಮತ್ತೆ ಹಣ ಕಟ್ಟಬೇಕು ಎಂದು ಡಾಕ್ಟರು ಹೇಳಿದ್ದಾರೆ. ‘ನೀವು ತಿನ್ನಿ ತಾತ’ ಎಂದು ನನ್ನ ಅಂಗೈಯಲ್ಲಿಟ್ಟು ಹೋದಳು.